ತಂಬಿಗೆ ಹೇಳುವ ಪಾಠ

ಮನೆಯ ಮಗಳೋ ಮಗನೋ ವಿನ್ಯಾಸಕಲೆಯನ್ನು ಓದುವೆನೆಂದೊಡನೆ ಹಿರಿಯರು ಕೇಳುವ ಮೊದಲ ಮಾತು: "ಅದರಿಂದ ಕೆಲಸ ದೊರೆತೀತೆ?" ಪ್ರಶ್ನೆ ಸಹಜವಾದುದೇ. ಕಾರ್ಖಾನೆಯ ಒಡೆಯರದೂ ಒಂದು ದೂರುಂಟು. ಪದವೀಧರರು ಚಿತ್ರವನ್ನೇನೋ ಅಂದವಾಗಿ ಬರೆಯುತ್ತಾರೆ; ಅದನ್ನು ಯಂತ್ರ ತಯಾರಿಸಬಲ್ಲುದೆ, ವೆಚ್ಚವೆಷ್ಟಾದೀತು ಎಂಬುದನ್ನು ಅರಿಯರು! ಹಾಗೆಂದು ವಿದ್ಯಾಲಯವು ಧಣಿ ಕೇಳಿದುದನ್ನಷ್ಟೇ ಕಲಿಸಿ ಕೈತೊಳೆದುಕೊಳ್ಳಬೇಕೆ?

ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಉತ್ತರ ದೊರೆತಿದೆ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್, ದೇಶವನ್ನು ಸುತ್ತಿ 1958ರಲ್ಲಿ ವರದಿಯೊಂದನ್ನು ಒಪ್ಪಿಸಿದರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿ ಬರೆದ ವಸ್ತು ಯಾವುದು ಗೊತ್ತೆ? ನಮ್ಮ ಮನೆಯ ತಂಬಿಗೆ! ಅಂಥದೊಂದನ್ನು ಹೊಸದಾಗಿ ರೂಪಿಸಬೇಕಾದರೆ ನೀರೆಷ್ಟು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ಭಾರದ ಸಮತೋಲ ಹೇಗಿರಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೇಗೆ ಕೂರಬೇಕು, ಯಾವ ಲೋಹ, ಏನು ಬೆಲೆ ಎಂದು ಅವರು ಪ್ರಶ್ನೆಗಳ ಸಾಲನ್ನೇ ಮುಂದಿಟ್ಟರು. ಉದ್ಯಮಿಗೆ ಬೇಕಾದ ಬೆಲೆಯ ಲೆಕ್ಕವೂ ಬಳಸುವವಳ ಸೊಂಟದ ನೋವೂ ಆ ಒಂದೇ ಸಾಲಿನಲ್ಲಿ ಸೇರಿದ್ದುವು.

ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತಲೆಯೆತ್ತಿತು. ಗೌತಮ್ ಸಾರಾಭಾಯಿ ಹಾಗೂ ಅವರ ಸೋದರಿ ಗೀರಾ ಅದನ್ನು ಮೊದಲಿನಿಂದ ಪೋಷಿಸಿದರು. ಅಲ್ಲಿ ಕಲಿಕೆ ಪಾಠದ ಕೊಠಡಿಗಿಂತ ಕಾರ್ಯಾಗಾರದಲ್ಲೇ ಹೆಚ್ಚು. ಮರ, ಲೋಹ, ನೂಲುಗಳ ಸ್ವಭಾವವನ್ನು ಕೈಯೇ ಅರಿಯಬೇಕು. ಕೊನೆಯಲ್ಲಿ ವಿದ್ಯಾರ್ಥಿಯು ಉದ್ಯಮವೊಂದರ ನಿಜವಾದ ಸಮಸ್ಯೆಯನ್ನೆತ್ತಿಕೊಂಡು ಬಿಡಿಸಬೇಕು. 2014ರ ಕಾಯಿದೆಯಿಂದ ಪದವಿ ನೀಡುವ ಅಧಿಕಾರ ಬರುವವರೆಗೆ ಆ ಸಂಸ್ಥೆ ಕೊಡುತ್ತಿದ್ದುದು ಡಿಪ್ಲೊಮಾ ಮಾತ್ರ. ಅರ್ಧ ಶತಮಾನ ಅಲ್ಲಿಯವರಿಗೆ ಆಸರೆಯಾದುದು ಮಾಡಿ ತೋರಿಸಿದ ಕೆಲಸ. ಇಂದು ಬೆಂಗಳೂರಿನಲ್ಲಿಯೂ ಅದರ ಶಾಖೆಯಿದೆ.

ಧಣಿಯ ಮಾತನ್ನು ಕೇಳಲೇಬೇಕು. ಆದರೆ ಅವನ ಅಗತ್ಯ ಇಂದಿನದು, ವಿದ್ಯಾರ್ಥಿಯ ಬಾಳು ಮೂವತ್ತು ನಲವತ್ತು ವರ್ಷಗಳದು. ಈ ವರ್ಷದ ಕಂಪ್ಯೂಟರ್ ತಂತ್ರವನ್ನಷ್ಟೇ ಕಲಿತವನು, ತಂತ್ರ ಬದಲಾದ ದಿನ ಬರಿಗೈಯಾಗುತ್ತಾನೆ. ಪ್ರಶ್ನೆ ಕೇಳುವುದನ್ನು ಕಲಿತವನಿಗೆ ಆ ಭಯವಿಲ್ಲ.

ಮಕ್ಕಳನ್ನು ಇಂಥ ವಿದ್ಯಾಲಯಕ್ಕೆ ಸೇರಿಸುವ ತಂದೆತಾಯಿಗಳು ಕಟ್ಟಡದ ಥಳುಕಿಗೆ ಮರುಳಾಗದೆ, ಎರಡು ಸಂಗತಿಗಳನ್ನು ವಿಚಾರಿಸಲಿ: ಕಾರ್ಯಾಗಾರದ ಬಾಗಿಲು ದಿನಕ್ಕೆಷ್ಟು ಹೊತ್ತು ತೆರೆದಿರುತ್ತದೆ? ಹೊರಗಿನ ನಿಜವಾದ ಕೆಲಸ ವಿದ್ಯಾರ್ಥಿಯ ಕೈಗೆ ಎಂದು ಬರುತ್ತದೆ?