ಎರೆಮಣ್ಣಿನ ದಾರಿಯಲ್ಲಿ ಗೇರ್ ಸೈಕಲ್

ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ದೊಡ್ಡ ಮಳೆ ಬಿದ್ದ ಮರುದಿನ ಹೊಲದ ಹಾದಿಯಲ್ಲಿ ಸೈಕಲ್ ಮೇಲೆ ಕುಳಿತ ಮನುಷ್ಯ ಕಾಣುವುದು ಅಪರೂಪ. ಮನುಷ್ಯನ ಹೆಗಲ ಮೇಲೆ ಕುಳಿತ ಸೈಕಲ್ ಮಾತ್ರ ಧಾರಾಳವಾಗಿ ಕಾಣುತ್ತದೆ. ಎರೆಮಣ್ಣಿನ ಗುಣವೇ ಅಂಥದು. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಹೊಕ್ಕು, ಹತ್ತು ಮಾರು ಹೋಗುವುದರೊಳಗೆ ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ಒಣಗಿದರೆ ಕಲ್ಲಿನಂತಾಗಿ ಬಿರುಕು ಬಿಡುತ್ತದೆ. ಕುಂದಗೋಳದ ಕಡೆಗೂ ಬಹುಪಾಲು ಇದೇ ಕಥೆ. ಪಶ್ಚಿಮಕ್ಕೆ ಸರಿದು ಕಲಘಟಗಿ ಮುಟ್ಟಿದರೆ ಮಣ್ಣು ಕೆಂಪಾಗುತ್ತದೆ. ಗದ್ದೆ, ಕಾಡು, ಏರು-ಇಳಿಜಾರು ಶುರುವಾಗುತ್ತವೆ. ಒಂದೇ ಧಾರವಾಡ ಜಿಲ್ಲೆಯೊಳಗೆ ಸೈಕಲ್ಲಿಗೆ ಎರಡು ಬೇರೆ ಬೇರೆ ಪರೀಕ್ಷೆ.

ಈ ಪರೀಕ್ಷೆಗೆ ಈಗ ಹೊಸ ಅಭ್ಯರ್ಥಿಯೊಂದು ಬಂದಿದೆ. ಬಾಗಿದ ಹ್ಯಾಂಡಲ್ಲು, ತೆಳ್ಳನೆಯ ಟಯರು, ಏಳೋ ಹದಿನಾಲ್ಕೋ ಗೇರುಗಳು. ಅಂಗಡಿಯವರು ರೋಡ್ ಬೈಕ್ ಎನ್ನುವ ಇದಕ್ಕೆ ಹುಡುಗರ ಬಾಯಲ್ಲಿ ‘ರೇಸ್ ಸೈಕಲ್’ ಎಂದೇ ಹೆಸರು. “ಯಪ್ಪಾ, ನನಗೂ ಗೇರಿಂದ ಕೊಡಸು” ಎಂಬುದು ಮಕ್ಕಳ ಹಠ. “ಗೇರ್ ಕೆಟ್ಟರ ನಮ್ಮೂರಾಗ ರಿಪೇರಿ ಮಾಡಾವ್ರು ಯಾರು?” ಎಂಬುದು ಹಿರಿಯರ ಪ್ರಶ್ನೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಕಡಲೆಯೋ ಹತ್ತಿಯೋ ಮೆಣಸಿನಕಾಯಿಯೋ ಕೈಹಿಡಿದ ವರ್ಷ ಸಾವಿರಾರು ರೂಪಾಯಿ ಕೊಟ್ಟು ತಂದ ಸೈಕಲ್, ಮುಂದಿನ ಮಳೆಗಾಲದ ಹೊತ್ತಿಗೆ ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಲ್ಲುವುದುಂಟು. ಅದೇ ಸೈಕಲ್ ಹೈಸ್ಕೂಲು, ಪಿಯುಸಿ ಮುಗಿಯುವವರೆಗೂ ಓಡಬಲ್ಲದು ಕೂಡ. ವ್ಯತ್ಯಾಸ ಕಂಪನಿಯ ಹೆಸರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಓಡಿಸುವವರು ಅರ್ಧ ಮಿಸ್ತ್ರಿಯಾಗಲು ಸಿದ್ಧರಿದ್ದಾರೆಯೇ ಎಂಬುದರಲ್ಲಿದೆ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ರ‍್ಯಾಲಿ, ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಎಂದು ಹೆಸರು ಬೇರೆಯಾದರೂ ಹಳ್ಳಿಯ ಕರಿ ಸೈಕಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಒಂದರ ಛರಾ, ಕೋನು, ಚೈನು ಇನ್ನೊಂದಕ್ಕೆ ಹೊಂದುತ್ತಿದ್ದವು. ಸಂತೆಯ ಊರಿನ ಸೈಕಲ್ ಅಂಗಡಿಯಲ್ಲಿ ಸಿಗದ ಸಾಮಾನೇ ಇರಲಿಲ್ಲ. ಆಮೇಲೆ 2006-07ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಏಳನೆಯ ತರಗತಿಗೆ ಶಾಲೆ ಬಿಡುತ್ತಿದ್ದ ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಸಾಲಾಗಿ ಸೈಕಲ್ ತುಳಿಯುವ ದೃಶ್ಯ ಹಳ್ಳಿಗಳಿಗೆ ಹೊಸದಾಗಿತ್ತು. ಅದೇ ವರ್ಷ ಬಿಹಾರದಲ್ಲೂ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸರಿಯಾದ ವಯಸ್ಸಿಗೆ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು; ಈ ವಿಷಯದಲ್ಲಿ ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತು. ಶಾಲೆ ದೂರವಿದ್ದ ಊರುಗಳಲ್ಲೇ ಲಾಭ ಹೆಚ್ಚು. ಸೈಕಲ್ ಆಟದ ಸಾಮಾನಲ್ಲ ಎಂದು ಮನೆಯವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಮ್ಮ ರಾಜ್ಯದಲ್ಲಿ ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಸೈಕಲ್ ವಿತರಣೆ ನಿಂತಿತು. ಆ ಬಳಿಕ ಸೈಕಲ್ ಆರಿಸುವ ಹೊಣೆ ಮತ್ತೆ ಮನೆಯವರ ಮೇಲೇ ಬಿತ್ತು.

ರೇಸ್ ಸೈಕಲ್ಲಿನ ಆಸೆಗೆ ಇನ್ನೊಂದು ಕಾರಣವೂ ಹತ್ತಿರದಲ್ಲೇ ಇದೆ. ಕರ್ನಾಟಕದ ಸೈಕ್ಲಿಂಗ್ ತಂಡಗಳಲ್ಲಿ ಬಹುಕಾಲದಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿ ಮಕ್ಕಳದೇ ಮೇಲುಗೈ. ವಿಜಯಪುರದ ಕ್ರೀಡಾ ವಸತಿ ನಿಲಯ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಗಳಲ್ಲಿ ಕಲಿತವರು ರಾಷ್ಟ್ರೀಯ ಪದಕ ತಂದಿದ್ದಾರೆ. ಜಾತ್ರೆಗಳಲ್ಲಿ ಎತ್ತಿನ ಬಂಡಿಯ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ಇರುವ ಸೀಮೆ ಇದು.

ಗೇರು ಎಂಬ ಲೆಕ್ಕ

ಆದರೆ ಗೇರಿನ ಮೋಹಕ್ಕೆ ಸ್ವಲ್ಪ ಲಗಾಮು ಬೇಕು. ಜಗತ್ತಿನ ಅತಿ ಕಠಿಣ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್‌ಗೆ ಅಲ್ಲಿನ ಎಲ್ಲ ಸ್ಪರ್ಧಿಗಳಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಘಟಾನುಘಟಿಗಳೂ ಏರು ಬಂದಾಗ ಇಳಿದು, ಹಿಂದಿನ ಗಾಲಿಯನ್ನೇ ಬಿಚ್ಚಿ ತಿರುಗಿಸಿ ಹಾಕಿ ಪರ್ವತ ಹತ್ತುತ್ತಿದ್ದರು.

ಗೇರಿನ ಹಿಂದಿರುವುದು ಬರೇ ಭಾಗಾಕಾರ. ಕರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಸುಮಾರು 2.4 ಸುತ್ತು ಬರುತ್ತದೆ. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್, ಅಂದರೆ ಒಂದು ತುಳಿತಕ್ಕೆ 5.4 ಮೀಟರ್ ದಾರಿ. ಇನ್ನು ಮುಂದೆ 52 ಮತ್ತು 42 ಹಲ್ಲಿನ ಎರಡು ಚಕ್ರ, ಹಿಂದೆ 14ರಿಂದ 28 ಹಲ್ಲಿನ ಏಳು ಚಕ್ರ ಇರುವ ರೋಡ್ ಬೈಕಿಗೆ ಇದೇ ಲೆಕ್ಕ ಹಾಕಿದರೆ, ಒಂದು ತುಳಿತಕ್ಕೆ ಕನಿಷ್ಠ 3.2 ಮೀಟರ್, ಗರಿಷ್ಠ 7.9 ಮೀಟರ್. ಕಲಘಟಗಿಯ ಏರಿಗೆ ಕನಿಷ್ಠದ ಗೇರು ನಿಜಕ್ಕೂ ವರದಾನ. ನವಲಗುಂದದ ಬಯಲಿನಲ್ಲಿ ಏರೇ ಇಲ್ಲವಲ್ಲ, ಗೇರೇಕೆ ಎನ್ನಬಹುದು. ಅಲ್ಲಿ ಗಾಳಿಯೇ ಏರು. ಮುಂಗಾರಿನ ಪಡುವಣ ಗಾಳಿಗೆ ಎದುರಾಗಿ ಹುಬ್ಬಳ್ಳಿಯ ಕಡೆ ತುಳಿದವರಿಗೆ ನಡುವಿನ ಗೇರುಗಳ ಬೆಲೆ ಗೊತ್ತು. ಗರಿಷ್ಠದ ಗೇರು ಮಾತ್ರ ಗೆಳೆಯರ ಮುಂದೆ ಹೇಳಿಕೊಳ್ಳಲು ಇರುವಂಥದು.

ಟಯರಿನ ಮೇಲಿನ ಸಂಖ್ಯೆ

ಅಗ್ಗದ ರೋಡ್ ಬೈಕ್ ಮೂಲೆ ಸೇರುವುದು ಬಹುತೇಕ ಟಯರು-ಟ್ಯೂಬಿನ ಕಾರಣದಿಂದ. ಕರಿ ಸೈಕಲ್ಲಿನದೂ ‘28 ಇಂಚು’, ರೋಡ್ ಬೈಕಿನದೂ ‘28 ಇಂಚು’ ಎಂದು ಹೇಳುವುದುಂಟು. ಒಂದರ ಟಯರು ಇನ್ನೊಂದಕ್ಕೆ ಕೂಡ್ರುವುದಿಲ್ಲ. ಟಯರಿನ ಪಕ್ಕದಲ್ಲಿ 28-622 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರು ರಿಮ್ಮಿನ ಮೇಲೆ ಕೂಡ್ರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ರೋಡ್ ಬೈಕಿಗೆ 622, ಒಂದೂವರೆ ಇಂಚು ಅಗಲದ 28 ಇಂಚಿನ ಕರಿ ಸೈಕಲ್ಲಿಗೆ 635. ಈ ಎರಡನೆಯ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಹುಬ್ಬಳ್ಳಿಯವರೆಗಿನ ಎರಡನೆಯ ಬಸ್ ಚಾರ್ಜು ಉಳಿಯುತ್ತದೆ. ಹೊಸ ಸೈಕಲ್ ತರುವ ದಿನವೇ ಎರಡು ಟ್ಯೂಬು ಹೆಚ್ಚಿಗೆ ತಂದಿಡುವುದು ಜಾಣತನ.

ಟ್ಯೂಬು ಕೊಳ್ಳುವಾಗ ವಾಲ್ವ್ ಕೂಡ ನೋಡಬೇಕು. ಕೆಲವು ರೋಡ್ ಬೈಕುಗಳಲ್ಲಿ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇರುತ್ತದೆ. ಊರಿನ ಪಂಪು ಅದಕ್ಕೆ ಹಿಡಿಯುವುದಿಲ್ಲ. ಸಣ್ಣ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲವೇ ರಿಮ್ಮಿನ ತೂತು ದೊಡ್ಡದಿದ್ದರೆ, ಮೋಟಾರ್ ಸೈಕಲ್ಲಿಗೆ ಇರುವಂಥ ವಾಲ್ವಿನ ಟ್ಯೂಬನ್ನೇ ಹಾಕಿಸಬೇಕು.

ಮುಳ್ಳಿನ ಕಾಟವನ್ನಂತೂ ಹೇಳುವಂತಿಲ್ಲ. ಜಾಲಿಮುಳ್ಳು ಕಣ್ಣಿಗಾದರೂ ಕಾಣುತ್ತದೆ. ನೆಲಕ್ಕೆ ಹಬ್ಬುವ ನೆಗ್ಗಿಲಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ಆ ಗಿಡಕ್ಕೆ ‘ಪಂಕ್ಚರ್ ವೈನ್’ ಎಂದೇ ಹೆಸರು. ಪಂಕ್ಚರ್ ತೆಗೆಯುವ ಹುಡುಗರು ಮರೆಯುವುದು ಒಂದನ್ನೇ: ಟ್ಯೂಬಿಗೆ ತೇಪೆ ಹಚ್ಚಿದ ಮೇಲೆ ಟಯರಿನ ಒಳಮೈಯಲ್ಲಿ ಮೆಲ್ಲಗೆ ಬೆರಳಾಡಿಸಿ, ಮುರಿದು ಉಳಿದ ಮುಳ್ಳನ್ನು ಕಿತ್ತು ಹಾಕುವುದು. ಇದನ್ನು ಮಾಡದಿದ್ದರೆ ಮರುದಿನ ಅದೇ ಜಾಗದಲ್ಲಿ ಅದೇ ಮುಳ್ಳು ಚುಚ್ಚುತ್ತದೆ.

ಗಾಳಿ ಎಷ್ಟಿರಬೇಕು? ಟಯರಿನ ಪಕ್ಕದಲ್ಲಿ ಬರೆದಿರುವುದು ಮೀರಬಾರದ ಮಿತಿ, ಅಷ್ಟನ್ನು ತುಂಬಲೇಬೇಕೆಂದಿಲ್ಲ. ಹಗುರ ಮೈಯ ವಿದ್ಯಾರ್ಥಿ 28 ಅಥವಾ 32 ಮಿಲಿಮೀಟರ್ ಟಯರಿನಲ್ಲಿ ಅದಕ್ಕಿಂತ ತುಸು ಕಡಿಮೆ ಗಾಳಿಯಿಂದ ಹೋದರೆ ಜಲ್ಲಿ ಎದ್ದ ರಸ್ತೆಯಲ್ಲೂ ಮೈ ನೋಯುವುದಿಲ್ಲ. ತೀರಾ ಕಡಿಮೆಯಾದರೆ ತಗ್ಗಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿ, ಹಾವು ಕಡಿದಂತೆ ಜೋಡಿ ತೂತು ಮಾಡುತ್ತದೆ.

ಮತ್ತೆ ಎರೆಮಣ್ಣಿಗೆ ಬರಬೇಕು. ಕರಿ ಸೈಕಲ್ಲಿನ ಗಾಲಿಗೆ ಕೆಸರು ಕಚ್ಚಿದಾಗ ಜೋರಾಗಿ ತುಳಿದರೆ ಹೆಚ್ಚೆಂದರೆ ಚೈನು ಬೀಳುತ್ತದೆ. ರೋಡ್ ಬೈಕಿನಲ್ಲಿ ಹಾಗೆ ತುಳಿಯುವುದು ಅಪಾಯ. ಮಣ್ಣು, ಕಸ ಮೆತ್ತಿಕೊಂಡ ಡಿರೈಲರ್ ಹಿಂದಕ್ಕೆ ಎಳೆದುಕೊಂಡು ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿ, ಅದನ್ನು ಹಿಡಿದಿರುವ ಹ್ಯಾಂಗರ್ ಎಂಬ ಕಿವಿಯನ್ನೇ ಮುರಿಯುತ್ತದೆ. ಉಕ್ಕಿನ ಫ್ರೇಮಿನ ಕಿವಿ ಬಾಗಿದರೆ ಬಲ್ಲವರು ನೆಟ್ಟಗೆ ಮಾಡಬಹುದು. ಅಲ್ಯುಮಿನಿಯಂ ಫ್ರೇಮಿನಲ್ಲಿ ಆ ಕಿವಿ ಬೇರೆಯಾಗಿ, ಬಿಚ್ಚಿ ಹಾಕುವಂತಿರಬೇಕು. ಇಲ್ಲದಿದ್ದರೆ ಕಿವಿ ಮುರಿದ ದಿನ ಫ್ರೇಮೇ ಗುಜರಿಗೆ. ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು. ಹೊಲದ ಹಾದಿಯಲ್ಲಿ ಗಾಲಿ ಬಿಗಿಯಾಯಿತು ಎನ್ನಿಸಿದ ಕ್ಷಣ ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ಹಿರಿಯರಂತೆ ಹೆಗಲಿಗೇರಿಸುವುದೇ ಸರಿ. ಹೇಗೂ ಈ ಸೈಕಲ್ ಕರಿ ಸೈಕಲ್ಲಿಗಿಂತ ಬಹಳ ಹಗುರ.

ಮನೆಗೆ ಬಂದ ಮೇಲೆ ಮಣ್ಣು ಒಣಗುವ ಮುನ್ನ ಚೊಂಬಿನಿಂದ ನೀರು ಹಾಕಿ ತೊಳೆಯಬೇಕು. ಗಾಡಿ ತೊಳೆಯುವ ಜೋರು ನೀರಿನ ಪೈಪು ಬೇಡ. ಅದು ಗಾಲಿಯ ನಡುವಿನ ಛರಾದೊಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಚೈನನ್ನು ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನ ಎಣ್ಣೆಯನ್ನು ಮತ್ತೆ ಅರಿವೆಯಿಂದ ಒರೆಸಬೇಕು. ಎಣ್ಣೆಯ ಕೆಲಸ ಕೊಂಡಿಯ ಒಳಗೆ. ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿದು ಉಕ್ಕನ್ನು ತಿನ್ನುತ್ತದೆ. ಟ್ರ್ಯಾಕ್ಟರಿನ ಹಳೆಯ ಇಂಜಿನ್ ಎಣ್ಣೆ, ಗ್ರೀಸು ಬಳಿಯುವವರು ಚೈನಿಗೆ ಉಪಕಾರ ಮಾಡುತ್ತಿಲ್ಲ.

ಚೈನು ಸವೆದಿದೆಯೇ ಎಂದು ತಿಳಿಯಲು ಶಾಲೆಯ ಸ್ಕೇಲು ಸಾಕು. ಒಂದೊಂದು ಕೊಂಡಿ ಅರ್ಧ ಇಂಚು. ಹಾಗಾಗಿ ಒಂದು ಪಿನ್ನಿನ ನಡುಮಧ್ಯದಿಂದ 24 ಕೊಂಡಿ ದಾಟಿದ ಪಿನ್ನಿನ ನಡುಮಧ್ಯಕ್ಕೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೆಯ ಒಂದು ಪಾಲು ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂತು. ಎಂಟನೆಯ ಒಂದು ಪಾಲು ಹೆಚ್ಚಿದ್ದರೆ ಚೈನಿನ ಜೊತೆ ಫ್ರೀವೀಲಿನ ಹಲ್ಲುಗಳೂ ಹೋದವೆಂದೇ ಲೆಕ್ಕ. ಸಮಯಕ್ಕೆ ಚೈನು ಬದಲಿಸಿದವರಿಗೆ ಫ್ರೀವೀಲಿನ ಹಣ ಉಳಿಯುತ್ತದೆ.

ಈಗ ಮೇಲ್ದರ್ಜೆಗೇರಿಸುವ ಮಾತು. ಬಹುಮಾನದ ಹಣವೋ ಮಾಮಾ ಕೊಟ್ಟ ದುಡ್ಡೋ ಕೈಗೆ ಬಂದಾಗ ಹುಡುಗರ ಕಣ್ಣು ಹೋಗುವುದು ಹೆಚ್ಚಿನ ಗೇರು, ಹಗುರ ಗಾಲಿಗಳ ಕಡೆಗೆ. ಮೊದಲು ಖರ್ಚು ಮಾಡಬೇಕಾದದ್ದು ಟಯರಿಗೆ: ಫ್ರೇಮು, ಬ್ರೇಕುಗಳ ನಡುವೆ ಜಾಗ ಇರುವಷ್ಟು ಅಗಲದ, ಒಳಪದರ ಗಟ್ಟಿಯಿರುವ ಟಯರು. ಆಮೇಲೆ ಬ್ರೇಕಿಗೆ. ಅಗ್ಗದ ಸೈಕಲ್ಲಿನ ಗಡಸು ಬ್ರೇಕ್ ರಬ್ಬರು ಬದಲಿಸಿ, ಹೊಸ ಕೇಬಲ್ ಹಾಕಿಸಿದರೆ ಸೈಕಲ್ಲಿನ ಸ್ವಭಾವವೇ ಬದಲಾಗುತ್ತದೆ. ಉಕ್ಕಿನ ರಿಮ್ಮು ಮಳೆಯಲ್ಲಿ ಬ್ರೇಕು ಹಿಡಿಯುವುದು ಕಷ್ಟ. ಅಲ್ಯುಮಿನಿಯಂ ರಿಮ್ಮಿಗೆ ಖರ್ಚು ಮಾಡಿದರೆ ಅದು ಶೋಕಿಯಲ್ಲ. ಕಲಘಟಗಿ ಕಡೆಯವರು ಫ್ರೀವೀಲ್ ಸವೆದಾಗ ದೊಡ್ಡ ಹಲ್ಲುಚಕ್ರ ಇರುವುದನ್ನು ಹಾಕಿಸಬಹುದು, ಆದರೆ ಇರುವ ಡಿರೈಲರ್ ಅದನ್ನು ತಾಳುತ್ತದೆಯೇ ಎಂದು ಮೊದಲೇ ಕೇಳಬೇಕು. ಗೇರುಗಳ ಸಂಖ್ಯೆ ಹೆಚ್ಚಿಸಹೊರಟರೆ ಗೇರು ಬದಲಿಸುವ ಲಿವರು, ಚೈನು, ಹಿಂದಿನ ಗಾಲಿ ಎಲ್ಲವೂ ಬದಲಾಗಬೇಕಾಗಿ ಬಂದು, ಖರ್ಚು ಇನ್ನೊಂದು ಸೈಕಲ್ಲಿನ ಹತ್ತಿರ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಸುಧಾರಣೆಗೆ ಕಾಸು ಬೇಕಿಲ್ಲ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರಿಸುವುದು. ‘ಬೆಳೆಯುವ ಮಗು’ ಎಂದು ಅಳತೆಗೆ ಮೀರಿದ ಫ್ರೇಮು ತರುವುದು ಅಂಗಿಯಲ್ಲಿ ನಡೆದೀತು, ಸೈಕಲ್ಲಿನಲ್ಲಿ ನಡೆಯದು.

ಹುಬ್ಬಳ್ಳಿ-ವಿಜಯಪುರ ರಸ್ತೆ ಮತ್ತು ಹುಬ್ಬಳ್ಳಿ-ಗದಗ ರಸ್ತೆ ಎರಡೂ ರಾಷ್ಟ್ರೀಯ ಹೆದ್ದಾರಿಗಳು. ಲಾರಿಗಳು ಹಗಲುರಾತ್ರಿ ಓಡುತ್ತವೆ. ರೋಡ್ ಬೈಕಿಗೆ ಎಷ್ಟೋ ಸಲ ಲೈಟೇ ಇರುವುದಿಲ್ಲ. ಹಿಂದೊಂದು ಕೆಂಪು ದೀಪ, ಮುಂದೊಂದು ಬಿಳಿ ದೀಪ, ಹೆಲ್ಮೆಟ್ಟು ಇಲ್ಲದೆ ಬೆಳಗಿನ ಟ್ಯೂಷನ್ನಿಗೆ ಮಕ್ಕಳನ್ನು ಹೆದ್ದಾರಿಗೆ ಬಿಡಲೇಬಾರದು. ಇವುಗಳ ಹಣವನ್ನು ಸೈಕಲ್ಲಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು.

ಹೊಸದು ಕೈಗೆಟುಕದಿದ್ದರೆ ಹುಬ್ಬಳ್ಳಿ, ಧಾರವಾಡಗಳಲ್ಲಿ ಕಾಲೇಜು ಮುಗಿಸಿದವರು ಮಾರುವ ಹಳೆಯ ಸೈಕಲ್ ನೋಡಬಹುದು. ಬಣ್ಣ ನೋಡಿ ಮರುಳಾಗಬಾರದು. ಹಿಂದಿನ ಗಾಲಿ ಎತ್ತಿ ತಿರುಗಿಸಿ, ರಿಮ್ಮು ಬ್ರೇಕ್ ರಬ್ಬರುಗಳ ನಡುವೆ ಓಲಾಡದೆ ಓಡುತ್ತದೆಯೇ ಎಂದು ನೋಡಬೇಕು. ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಡಿರೈಲರ್ ಗಾಲಿಗೆ ಸಮಾನಾಂತರವಾಗಿ ನೇರ ಕೆಳಗೆ ಇಳಿದಿದೆಯೇ, ಒಳಕ್ಕೆ ಬಾಗಿದೆಯೇ ಎಂದು ಪರೀಕ್ಷಿಸಬೇಕು. ಸ್ಕೇಲಿನಿಂದ ಚೈನು ಅಳೆಯಬೇಕು. ಪೆಡಲ್ ಬಿಚ್ಚಿ ನೋಡುವುದಿದ್ದರೆ ಎಡಗಡೆಯದರ ತಿರುಪು ಉಲ್ಟಾ ಎಂಬುದು ನೆನಪಿರಲಿ; ಬಲಕ್ಕೆ ತಿರುಗಿಸಿದರೆ ಅದು ಸಡಿಲಾಗುತ್ತದೆ. ಇದು ತಿಳಿಯದೆ ಜೋರು ಮಾಡಿದರೆ ಕ್ರ್ಯಾಂಕಿನ ತಿರುಪೇ ಕಿತ್ತುಹೋಗುತ್ತದೆ.