ಇಪ್ಪತ್ತಕ್ಕೆ ಹನ್ನೆರಡು ಬಂತು, ಸರಿ. ಬಂದದ್ದೇನು?

ನಮ್ಮ ಇಂಟರ್ನಲ್ಸ್ ಪ್ರಶ್ನೆಪತ್ರಿಕೆಯ ಬಲಗಡೆ ಎರಡು ಸಣ್ಣ ಕಾಲಂ ಇರುತ್ತವೆ, ಗಮನಿಸಿದ್ದೀರಾ? ಒಂದರಲ್ಲಿ ಸಿಒ 2, ಇನ್ನೊಂದರಲ್ಲಿ ಎಲ್ 3 ಅಂತ ಏನೋ ಬರೆದಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡುವುದೂ ಇಲ್ಲ, ಮಾರ್ಕ್ಸ್ ಕಾಲಂ ನೋಡಿ ಪುಟ ತಿರುಗಿಸುತ್ತೇವೆ. ಸಿಒ ಅಂದರೆ ಕೋರ್ಸ್ ಔಟ್‌ಕಮ್, ಈ ವಿಷಯ ಓದಿ ಮುಗಿಸಿದವರಿಗೆ ಏನು ಮಾಡಲು ಬರಬೇಕು ಅನ್ನುವುದು. ಎಲ್ ಅಂದರೆ ಬ್ಲೂಮ್ ಹೇಳಿದ ಹಂತ: ನೆನಪಿದ್ದರೆ ಸಾಕೋ, ಅರ್ಥ ಆಗಿರಬೇಕೋ, ಹೊಸ ಕಡೆ ಬಳಸಲು ಬರಬೇಕೋ. ಎನ್‌ಬಿಎ ಮಾನ್ಯತೆ ಬೇಕೆನ್ನುವ ಕಾಲೇಜುಗಳೆಲ್ಲ ಈ ಲೆಕ್ಕ ಇಡಬೇಕು. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ನ ಪೂರ್ಣ ಸದಸ್ಯ ಆಗಿದೆ, ಅಲ್ಲೂ ಕೇಳುವುದು ಇದನ್ನೇ. ಆದರೆ ಸೆಮಿಸ್ಟರ್ ಕೊನೆಗೆ ಈ ಲೆಕ್ಕವೆಲ್ಲ ಇಡೀ ಕ್ಲಾಸಿನ ಸರಾಸರಿಯಾಗಿ ಒಂದು ಎಕ್ಸೆಲ್ ಶೀಟ್ ಸೇರುತ್ತದೆ. ನನಗೆ ಸಿಒ 2 ಬಂತಾ ಇಲ್ವಾ ಅಂತ ಯಾರೂ ನಮಗೆ ಹೇಳುವುದಿಲ್ಲ, ನಾವೂ ಕೇಳಿಲ್ಲ.

ಈ ಪ್ರಶ್ನೆ ನಮ್ಮ ತಲೆಗೆ ಹೊಕ್ಕಿದ್ದು ದೊಡ್ಡಗದ್ದವಳ್ಳಿಯಲ್ಲಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿಕೊಂಡರೆ ಸಿಗುವ ಊರು. ನಮ್ಮ ಗುಂಪಿನ ಒಬ್ಬನ ಮನೆ ಅಲ್ಲಿ. ಅವನ ಅಕ್ಕ ಆ ಕಡೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ರಜೆಗೆ ಹೋದಾಗ ಅಕ್ಕ ಕಾಫಿ ಕೊಟ್ಟು ಎರಡು ಉತ್ತರಪತ್ರಿಕೆ ಮುಂದಿಟ್ಟರು. ಕ್ಷೇತ್ರಫಲದ ಮೇಲೆ ಇಪ್ಪತ್ತು ಅಂಕದ ಕಿರುಪರೀಕ್ಷೆ. ಇಬ್ಬರಿಗೂ ಹನ್ನೆರಡು.

ಹುಡುಗಿಯದ್ದರಲ್ಲಿ ವಿಧಾನವೆಲ್ಲ ಸರಿ ಇತ್ತು, ಗುಣಾಕಾರದಲ್ಲಿ ದಶಕ ಒಯ್ಯುವುದನ್ನು ಮರೆತು ಮರೆತು ಅಂಕ ಹೋಗಿತ್ತು. ಹುಡುಗನ ಗುಣಾಕಾರ ಅಚ್ಚುಕಟ್ಟು. ಆದರೆ ಒಂದು ಲೆಕ್ಕ ಹೀಗಿತ್ತು: ಆಲೂಗಡ್ಡೆ ಹಾಕಲು 66 ಅಡಿ ಉದ್ದ, 99 ಅಡಿ ಅಗಲದ ತುಂಡು ಇದೆ, ಎಷ್ಟು ಗುಂಟೆ? ಅವನು 330 ಅಂತ ಬರೆದು ಮುಗಿಸಿದ್ದ. ಒಂದು ನಿಮಿಷ ನಮಗೂ ಅದು ಎಲ್ಲಿಂದ ಬಂತು ಅಂತ ಹೊಳೆಯಲಿಲ್ಲ. 66ಕ್ಕೆ 99 ಸೇರಿಸಿ ಎರಡರಿಂದ ಗುಣಿಸಿದ್ದಾನೆ, ಅಂದರೆ ಸುತ್ತಳತೆ. ಗುಂಟೆ ಅಂದರೆ 33 ಅಡಿ ಚೌಕ, 1089 ಚದರ ಅಡಿ. 6534 ಚದರ ಅಡಿಯ ಆ ತುಂಡು ಸರಿಯಾಗಿ ಆರು ಗುಂಟೆ. ಬೇಲಿಯ ಉದ್ದ ಬೇರೆ, ನೆಲದ ಹರವು ಬೇರೆ ಅನ್ನುವುದೇ ಅವನಿಗೆ ಕೂತಿಲ್ಲ.

‘ಇಬ್ಬರಿಗೂ ಬೇರೆ ಬೇರೆ ಹೇಳಿಕೊಡಬೇಕು. ಆದರೆ ರಿಜಿಸ್ಟರಿನಲ್ಲಿ ಇಬ್ಬರೂ ಒಂದೇ’ ಅಂದರು ಅಕ್ಕ. ‘ನೀವು ಕಂಪ್ಯೂಟರ್ ಓದೋರಲ್ವಾ, ಮೂಡಲ್‌ನಲ್ಲಿ ಇದಕ್ಕೇನಾದ್ರೂ ಮಾಡಕ್ಕಾಗುತ್ತಾ ನೋಡ್ರಪ್ಪಾ.’

ಮೂಡಲ್ ಗೊತ್ತಿರಬೇಕು. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿ 2002ರಲ್ಲಿ ಮೊದಲ ಆವೃತ್ತಿ ಬಿಟ್ಟ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಕಲಿಕಾ ನಿರ್ವಹಣಾ ವ್ಯವಸ್ಥೆ. (ನಮ್ಮ ಮೂಡಲ ದಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಅಕ್ಕನ ಬಾಯಲ್ಲಿ ಅದು ಕನ್ನಡದ್ದೇ ಅನ್ನಿಸುತ್ತದೆ.) 2016ರ 3.1ನೇ ಆವೃತ್ತಿಯಿಂದ ಅದರಲ್ಲಿ ಕಾಂಪಿಟೆನ್ಸಿ ಅನ್ನುವ ಭಾಗ ಇದೆ. ನಮ್ಮ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಸಾಮರ್ಥ್ಯ ಆಧಾರಿತ ಮೌಲ್ಯಮಾಪನ: ಎಷ್ಟು ಅಂಕ ಅನ್ನುವುದರ ಬದಲು ಯಾವ ಸಾಮರ್ಥ್ಯ ಬಂದಿದೆ, ಯಾವುದು ಬಂದಿಲ್ಲ ಅಂತ ಒಂದೊಂದಾಗಿ ಗುರುತು ಹಾಕುವುದು.

ಇದೇನು ಸಾಫ್ಟ್‌ವೇರ್ ತಂದ ಹೊಸ ವಿಚಾರ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಷ್ಟೋ ಜನ ಅದರಲ್ಲೇ ಬೆಳೆದವರು. ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿ ಓದಿದವರಿಗೆ ನಲಿ-ಕಲಿ ನೆನಪಿರುತ್ತದೆ: ಚಿತ್ರದ ಗುರುತಿರುವ ಕಾರ್ಡುಗಳು, ನೆಲದ ಮೇಲೆ ಗುಂಪಾಗಿ ಕೂರುವುದು, ಗೋಡೆಯ ಮೇಲೆ ಕಲಿಕಾ ಏಣಿ. ಆಂಧ್ರದ ರಿಷಿವ್ಯಾಲಿ ಶಾಲೆಗಳಲ್ಲಿ ನಡೆಯುತ್ತಿದ್ದುದನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ಇದನ್ನು ಶುರು ಮಾಡಿದರು. 2009ರ ನಂತರ ಅದು ರಾಜ್ಯದ ಉದ್ದಗಲಕ್ಕೂ ಹರಡಿತು. ಅಲ್ಲಿ ಮಗು ಒಂದು ಮೆಟ್ಟಿಲು ಮುಗಿಸಿದ ಮೇಲೇ ಮುಂದಿನದಕ್ಕೆ ಹೋಗುತ್ತದೆ. ವಾರ ರಜೆ ಹಾಕಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಪಕ್ಕದಲ್ಲಿ ಕೂತವಳು ಮೂರು ಮೆಟ್ಟಿಲು ಮುಂದಿದ್ದರೆ ಇರಲಿ. ನಾಲ್ಕನೇ ತರಗತಿಗೆ ಬಂದದ್ದೇ ತಡ ಏಣಿ ಮಾಯ, ಎಲ್ಲರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಅಕ್ಕ ಕೇಳಿದ್ದು ಆ ಏಣಿಯನ್ನೇ, ಮೇಲಿನ ತರಗತಿಗೆ.

ನಾವು ಲ್ಯಾಪ್‌ಟಾಪಿನಲ್ಲಿ ಮೂಡಲ್ ಹಾಕಿ ಕೂತೆವು. ಹಾಕುವುದು ಒಂದು ಸಂಜೆಯ ಕೆಲಸ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ನಿಜವಾಗಿ ಸಮಯ ತಿಂದದ್ದು ಸಾಮರ್ಥ್ಯಗಳನ್ನು ಬರೆಯುವುದು. ಮೊದಲ ಸಲ ‘ಕ್ಷೇತ್ರಫಲದ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುವುದು’ ಅಂತ ಬರೆದೆವು. ‘ಅರ್ಥ ಆಗಿದೆ ಅಂತ ನಾನು ಹೇಗೆ ನೋಡ್ಲಿ, ತಲೆ ಬಿಚ್ಚಿ ನೋಡ್ಲಾ?’ ಅಂದರು ಅಕ್ಕ. ಎನ್‌ಸಿಇಆರ್‌ಟಿ 2017ರಲ್ಲಿ ಪ್ರಾಥಮಿಕ ಹಂತದ ಕಲಿಕಾ ಫಲಗಳ ಪಟ್ಟಿ ತಂದಿದೆ. ಅದರಿಂದ ಹೊರಡಬಹುದು, ಆದರೆ ಅದರ ಒಂದೊಂದು ಸಾಲೂ ಒಂದು ತರಗತಿಗೆ ತುಂಬಾ ದೊಡ್ಡದು, ಒಡೆಯಲೇಬೇಕು. ಕೊನೆಗೆ ನಾಲ್ಕು ಉಳಿದವು. ಸುತ್ತಳತೆ ಬೇಕಾದ ಸಂದರ್ಭ ಯಾವುದು, ಕ್ಷೇತ್ರಫಲ ಬೇಕಾದದ್ದು ಯಾವುದು ಅಂತ ಬೇರ್ಪಡಿಸಿ ಹೇಳುತ್ತಾನೆ/ಳೆ. ಆಯತದ ಕ್ಷೇತ್ರಫಲವನ್ನು ತಪ್ಪಿಲ್ಲದೆ ಲೆಕ್ಕ ಹಾಕುತ್ತಾನೆ/ಳೆ. ಚದರ ಅಡಿಯನ್ನು ಗುಂಟೆಗೆ ತರುತ್ತಾನೆ/ಳೆ. ಆಯತ ಅಲ್ಲದ ತುಂಡನ್ನು ಆಯತಗಳಾಗಿ ಒಡೆದು ಅಳೆಯುತ್ತಾನೆ/ಳೆ. ಎಲ್ಲದರಲ್ಲೂ ಕ್ರಿಯಾಪದ ಕಣ್ಣಿಗೆ ಕಾಣುವಂಥದ್ದು. ಹುಡುಗಿಗೆ ತೊಡಕಿರುವುದು ಎರಡನೆಯದರಲ್ಲಿ, ಹುಡುಗನಿಗೆ ಮೊದಲನೆಯದರಲ್ಲಿ. ಹನ್ನೆರಡು ಅನ್ನುವ ಅಂಕ ಈಗ ಎರಡಾಗಿ ಸೀಳಿತು.

ಇಷ್ಟಾದ ಮೇಲೆ ಮೂಡಲ್ ಸುಲಭ. ಅಡ್ಮಿನ್ ಆಗಿ ಒಳಹೊಕ್ಕು ಕಾಂಪಿಟೆನ್ಸಿ ಫ್ರೇಮ್‌ವರ್ಕ್ ಅಂತ ಒಂದನ್ನು ತೆರೆದು ಈ ನಾಲ್ಕನ್ನು ಒಂದು ತಾಯಿ ಸಾಮರ್ಥ್ಯದ ಕೆಳಗೆ ಮರದ ಹಾಗೆ ಸೇರಿಸಬೇಕು. ನಂತರ ಆ ತರಗತಿಯ ಗಣಿತದ ಕೋರ್ಸಿಗೆ ಅವನ್ನು ಜೋಡಿಸಬೇಕು. ಕೋರ್ಸಿನ ಒಳಗಿನ ಪ್ರತಿ ಚಟುವಟಿಕೆಗೆ, ಅದು ಕ್ವಿಜ್ ಇರಲಿ, ಅಸೈನ್‌ಮೆಂಟ್ ಇರಲಿ, ಯಾವ ಸಾಮರ್ಥ್ಯವನ್ನು ತೋರಿಸುತ್ತದೆ ಅಂತ ಹೇಳಬೇಕು. ಬೇಕಿದ್ದರೆ ಇವುಗಳಿಂದ ಲರ್ನಿಂಗ್ ಪ್ಲಾನ್ ಮಾಡಿ ಪ್ರತಿ ಮಗುವಿಗೂ ಕೊಡಬಹುದು. ಅದೇ ನಮ್ಮ ಏಣಿ.

ಇದರಲ್ಲಿ ತಪ್ಪಿಸಿಕೊಳ್ಳಲಾಗದ್ದು ಸ್ಕೇಲ್. ಮೂಡಲ್ ತಾನಾಗಿ ಕೊಡುವುದು ಎರಡೇ ಹಂತ, ಇನ್ನೂ ಬಂದಿಲ್ಲ ಮತ್ತು ಬಂದಿದೆ. ಅಕ್ಕ ಮೂರು ಬೇಕೆಂದರು: ‘ಇನ್ನೂ ಇಲ್ಲ’, ‘ಸಹಾಯ ಇದ್ದರೆ ಬರುತ್ತೆ’, ‘ತಾನೇ ಮಾಡುತ್ತೆ’. ಇವುಗಳಲ್ಲಿ ಯಾವುದರಿಂದ ಮೇಲೆ ‘ಬಂದಂತೆ’ ಲೆಕ್ಕ, ಮತ್ತು ಸಿಸ್ಟಂ ತಾನಾಗಿ ಗುರುತು ಹಾಕಿದರೆ ಯಾವುದನ್ನು ಹಾಕಬೇಕು ಅನ್ನುವುದನ್ನೂ ಹೇಳಬೇಕು. ಒಂದು ಮಗುವಿಗೆ ಒಂದು ಗುರುತು ಹಾಕಿದ ಮೇಲೆ ಆ ಫ್ರೇಮ್‌ವರ್ಕಿನ ಸ್ಕೇಲ್ ಬದಲಾಯಿಸಲು ಮೂಡಲ್ ಬಿಡುವುದಿಲ್ಲ. ಹಾಗಾಗಿ ಇದನ್ನು ಟೀಚರ್ ಜೊತೆ ಕೂತು ಮೊದಲೇ ಮುಗಿಸಿ, ರಾತ್ರಿ ಹನ್ನೊಂದಕ್ಕೆ ನಿಮ್ಮಷ್ಟಕ್ಕೆ ನೀವೇ ತೀರ್ಮಾನಿಸಬೇಡಿ. ನಾವು ಹಾಗೆ ಮಾಡಿ ಎರಡನೇ ಸಲ ಎಲ್ಲ ಟೈಪ್ ಮಾಡಿದೆವು.

ಅದಕ್ಕಿಂತ ದೊಡ್ಡ ತಪ್ಪೂ ಮಾಡಿದೆವು. ಚಟುವಟಿಕೆ ಮುಗಿದಾಗ ಸಾಮರ್ಥ್ಯಕ್ಕೆ ಏನಾಗಬೇಕು ಅಂತ ಮೂಡಲ್ ಕೇಳುತ್ತದೆ. ನಾಲ್ಕು ಆಯ್ಕೆ: ಏನೂ ಮಾಡಬೇಡ, ಪುರಾವೆಯಾಗಿ ಸೇರಿಸು, ಪರಿಶೀಲನೆಗೆ ಕಳಿಸು, ಸಾಮರ್ಥ್ಯ ಬಂದಿದೆ ಅಂತ ಗುರುತು ಹಾಕು. ಟೀಚರಿಗೆ ಕೆಲಸ ಕಮ್ಮಿ ಆಗಲಿ ಅಂತ ನಾವು ಎಲ್ಲಕ್ಕೂ ಕೊನೆಯದನ್ನು ಒತ್ತಿದೆವು. ಮರುದಿನ ನಮ್ಮ ಗೆಳೆಯನ ತಮ್ಮ, ನಾವು ಪರೀಕ್ಷೆಗೆಂದು ಕೊಟ್ಟ ಲಾಗಿನ್‌ನಿಂದ ಹೋಗಿ, ಪಾಠದ ಪಿಡಿಎಫ್ ತೆರೆದು ಮುಚ್ಚಿದ. ಎರಡು ಸೆಕೆಂಡು. ಕ್ಷೇತ್ರಫಲ ‘ತಾನೇ ಮಾಡುತ್ತೆ’ ಅಂತ ಬಂತು! ಆ ಪಿಡಿಎಫ್‌ಗೆ ‘ನೋಡಿದರೆ ಮುಗಿದಂತೆ’ ಅಂತ ಇಟ್ಟಿದ್ದವರೂ ನಾವೇ. ಹುಡುಗ ಖುಷಿಯಾಗಿ ಆಟಕ್ಕೆ ಓಡಿದ.

ನಗು ಬಂತು, ಆಮೇಲೆ ಹೆದರಿಕೆ ಆಯಿತು. ಹನ್ನೆರಡು ಅಂಕ ಅರ್ಧ ವಿಷಯವನ್ನಾದರೂ ಹೇಳುತ್ತಿತ್ತು. ನಾವು ಮಾಡಿದ್ದು ಪೂರ್ತಿ ಸುಳ್ಳು ಹೇಳುತ್ತಿತ್ತು, ಅದೂ ಹಸಿರು ಬಣ್ಣದಲ್ಲಿ. ಒಂದು ಸಲ ‘ಬಂದಿದೆ’ ಅಂತ ಕಂಡ ಮೇಲೆ ಆ ಮಗುವಿಗೆ ಅದನ್ನು ಮತ್ತೆ ಯಾರು ಹೇಳಿಕೊಡುತ್ತಾರೆ? ಅವತ್ತೇ ಎಲ್ಲವನ್ನೂ ಬದಲಾಯಿಸಿದೆವು. ಓದುವ, ನೋಡುವ ಸಾಮಗ್ರಿಗೆ ‘ಏನೂ ಮಾಡಬೇಡ’. ಕ್ವಿಜ್‌ಗೆ ‘ಪುರಾವೆಯಾಗಿ ಸೇರಿಸು’. ಮಗು ತಾನೇ ಮಾಡಿ ತೋರಿಸುವ ಕೆಲಸಕ್ಕೆ ‘ಪರಿಶೀಲನೆಗೆ ಕಳಿಸು’. ಕೊನೆಯ ಗುರುತು ಅಕ್ಕನದ್ದು, ಜೊತೆಗೊಂದು ಸಾಲಿನ ಟಿಪ್ಪಣಿ. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ಶಾಲೆಗೆ ಮಾಡಿಕೊಡುವುದಾದರೆ ಈ ಒಂದು ಡ್ರಾಪ್‌ಡೌನ್ ಮೇಲೆ ಕಣ್ಣಿಡಿ, ಉಳಿದ ತಪ್ಪುಗಳನ್ನು ಆಮೇಲೆ ತಿದ್ದಬಹುದು.

ಮಾಡಿ ತೋರಿಸುವ ಕೆಲಸ ಎಂಥದ್ದು ಅಂತ ಯೋಚಿಸುವಾಗ ಊರಿನ ದೇವಸ್ಥಾನ ಸಹಾಯಕ್ಕೆ ಬಂತು. 12ನೇ ಶತಮಾನದ ಆರಂಭದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ಒಬ್ಬ ವರ್ತಕ ದಂಪತಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಅದು, ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಮೂರು ಗರ್ಭಗುಡಿಗಳಿಗೆ ಒಂದೇ ಮಂಟಪ, ನಾಲ್ಕನೆಯದನ್ನು ಉದ್ದನೆಯ ಮಂಟಪವೊಂದು ಸೇರಿಸುತ್ತದೆ. ಸಮಮಿತಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಪುಸ್ತಕದಲ್ಲಿಲ್ಲ: ನೆಲನಕ್ಷೆ ಬರೆದು, ಮಡಚಿದರೆ ಎರಡು ಅರ್ಧ ಒಂದರ ಮೇಲೊಂದು ಕೂರುವ ಗೆರೆ ಎಲ್ಲಿದೆ ಹೇಳು. ನಕ್ಷೆಯನ್ನು ಕಾಲು ಸುತ್ತು ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದಾ? ನಾಲ್ಕು ಗುಡಿ ಅಂದ ಕೂಡಲೇ ‘ಹೌದು’ ಅನ್ನುವವರು ಹೋಗಿ ನೋಡಿಲ್ಲ ಅಂತ ಅರ್ಥ. ಕ್ಷೇತ್ರಫಲಕ್ಕೂ ಅದೇ ನಕ್ಷೆ ಆಗುತ್ತದೆ, ಆಯತ ಅಲ್ಲದ ಆಕಾರವನ್ನು ಒಡೆಯಲು. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಫೋಟೋ ತೆಗೆದು ಅಪ್‌ಲೋಡ್ ಮಾಡಿದರೆ ಅದೇ ಪುರಾವೆ. (ಬರೆದ ಹಾಳೆಯ ಫೋಟೋ ಸಾಕು, ಮಕ್ಕಳ ಮುಖದ್ದು ಬೇಡ.)

ಇಷ್ಟೆಲ್ಲ ಹೇಳಿದ ಮೇಲೆ ಖರ್ಚನ್ನೂ ಹೇಳಬೇಕು. ಮೂವತ್ತು ಮಕ್ಕಳು, ನಾಲ್ಕು ಸಾಮರ್ಥ್ಯ: ಒಂದು ಪಾಠಕ್ಕೆ 120 ಸಲ ನೋಡಿ ತೀರ್ಮಾನಿಸಬೇಕು. ಎಫ್‌ಎ, ಎಸ್‌ಎ ಅಂಕಗಳನ್ನು ಸ್ಯಾಟ್ಸ್‌ಗೆ ತುಂಬುವ ಕೆಲಸ ಇದ್ದೇ ಇದೆ, ಅದು ಹೋಗುವುದಿಲ್ಲ. ಟೀಚರ್‌ಗಳ ತಲೆ ಮೇಲೆ ಇನ್ನೊಂದು ಪೋರ್ಟಲ್ ಹೊರಿಸಿ ನಾವು ಕಾಲೇಜಿಗೆ ವಾಪಸ್ ಬಂದರೆ ಅದು ಎರಡು ತಿಂಗಳೂ ನಡೆಯುವುದಿಲ್ಲ. ಹಾಗಾಗಿ ವರ್ಷಕ್ಕೆ ಎಲ್ಲ ಪಾಠ ಬೇಡ, ಮಕ್ಕಳು ಪ್ರತಿ ವರ್ಷ ಎಡವುವ ಎರಡೇ ಪಾಠ ತೆಗೆದುಕೊಳ್ಳೋಣ ಅಂತ ಅಕ್ಕನೇ ಹೇಳಿದರು. ಮೂಡಲ್‌ನ ಪಾಯಿಂಟ್ಸ್ ನಿಯಮ ಬಳಸಿ ಕೆಳಗಿನ ಸಾಮರ್ಥ್ಯಗಳನ್ನು ಕೂಡಿಸಿ ಮೇಲಿನದನ್ನು ತಾನಾಗಿ ಕೊಡುವ ಸೌಲಭ್ಯ ಇದೆ. ನಾವು ಬಳಸಲಿಲ್ಲ. ಕೂಡಿಸಿದರೆ ಮತ್ತೆ ಹನ್ನೆರಡೇ ಬರುತ್ತದೆ.

ನೆಟ್‌ವರ್ಕ್ ಬಗ್ಗೆ ಕೇಳುತ್ತೀರಿ, ಗೊತ್ತು. ಮೂಡಲ್‌ಬಾಕ್ಸ್ ಅಂತ ಒಂದಿದೆ, ರಾಸ್ಪ್‌ಬೆರಿ ಪೈ ಮೇಲೆ ಓಡುತ್ತದೆ, ತನ್ನದೇ ವೈಫೈ ಕೊಡುತ್ತದೆ, ಇಂಟರ್ನೆಟ್ ಬೇಕಿಲ್ಲ. ಮೂಡಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ಆಫ್‌ಲೈನ್ ನೋಡಬಹುದು, ಟೀಚರ್ ಅನುಮತಿ ಕೊಟ್ಟರೆ ಕ್ವಿಜ್ ಕೂಡ. ಕನ್ನಡ ಭಾಷಾ ಪ್ಯಾಕ್ ಇದೆ, ಆದರೆ ಅರ್ಧಂಬರ್ಧ. ನಮ್ಮ ಸಂಘದವರಿಗೆ ಅಲ್ಲಿ ಒಳ್ಳೆಯ ಕೆಲಸ ಇದೆ.

330 ಬರೆದ ಹುಡುಗನ ಕತೆ ಬಾಕಿ ಉಳಿಯಿತು. ಅಕ್ಕ 132 ಅಡಿ ಹಗ್ಗ ತಂದು ಆಟದ ಮೈದಾನದಲ್ಲಿ ನಾಲ್ಕು ಮೂಲೆಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿ 33 ಅಡಿಯ ಚೌಕ ಮಾಡಿಸಿದರು: ಒಂದು ಗುಂಟೆ. ಆಮೇಲೆ ಅದೇ ಹಗ್ಗವನ್ನು 46ಕ್ಕೆ 20 ಅಡಿ ಮಾಡಿ ಎಳೆಸಿದರು. ಹಗ್ಗ ಅಷ್ಟೇ, ಒಳಗಿನ ನೆಲ 920 ಚದರ ಅಡಿಗೆ ಇಳಿಯಿತು. ಹುಡುಗ ಹಗ್ಗದ ಒಳಗೆ ನಿಂತು ಸ್ವಲ್ಪ ಹೊತ್ತು ಸುತ್ತ ನೋಡಿ, ‘ಮಿಸ್, ಹಂಗಾದ್ರೆ ಬೇಲಿ ಅಳೆದು ಗುಂಟೆ ಹೇಳಕ್ಕಾಗಲ್ಲ’ ಅಂದನಂತೆ. ಮೂಡಲ್‌ನಲ್ಲಿ ಅವನ ಮೊದಲ ಸಾಮರ್ಥ್ಯದ ಮುಂದೆ ಈಗ ‘ಸಹಾಯ ಇದ್ದರೆ ಬರುತ್ತೆ’ ಅಂತ ಇದೆ. ಕೆಳಗೆ ಅಕ್ಕನ ಟಿಪ್ಪಣಿ: ‘ಹಗ್ಗ ಇದ್ದರೆ ಬರುತ್ತೆ. ಹಗ್ಗ ಇಲ್ಲದೆ ಬರುತ್ತಾ ಅಂತ ದಸರಾ ರಜೆ ಮುಗಿದ ಮೇಲೆ ನೋಡಬೇಕು.’