ಅಕೇಲನ ಮರಿಗಳು

ಕಳೆದ ವರ್ಷದ ಒಂದು ಶನಿವಾರ ನಮ್ಮ ಎಂಟು ವರ್ಷದ ಚಿರಂಜೀವಿ ಶಾಲೆಯಿಂದ ಓಡೋಡಿ ಬಂದು, “ಅಪ್ಪಾ, ನಾನು ಸಿಕ್ಸರ್ ಆದೆ!” ಎಂದು ಘೋಷಿಸಿದ.

“ಸಿಕ್ಸರ್ ಹೊಡೆಯುವುದನ್ನು ಕೇಳಿದ್ದೇನೆ; ಆಗುವುದು ಹೇಗೋ ಮಾರಾಯ?” ಎಂದು ನಾನು ನಕ್ಕೆ.

ಅವನಿಗೆ ನಗು ಬರಲಿಲ್ಲ. ಶಾಲೆಯ ಕಬ್ ದಳದಲ್ಲಿ ಆರು ಹುಡುಗರ ಗುಂಪೊಂದಕ್ಕೆ ತಾನೀಗ ನಾಯಕನೆಂದೂ, ಅಂಥ ನಾಯಕನಿಗೆ ಸಿಕ್ಸರ್ ಎಂಬ ಹೆಸರೆಂದೂ ಬಹು ಗಂಭೀರವಾಗಿ ತಿಳಿಸಿದ. ಸಮವಸ್ತ್ರಕ್ಕೆ ಹಣ ಕೊಟ್ಟಿದ್ದೆನೇ ಹೊರತು ಆ ದಳ ಏನು ಮಾಡುತ್ತದೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ನಾಚಿಕೆಯೆನಿಸಿತು. ಮುಂದಿನ ಶನಿವಾರ ಶಾಲೆಯ ಬಯಲಿಗೆ ಹೋಗಿ, ಬೇವಿನ ಮರದ ಕೆಳಗೆ ನಿಂತು ನೋಡಿದೆ.

ಕೊರಳಿಗೆ ಸ್ಕಾರ್ಫ್ ಕಟ್ಟಿದ ಹುಡುಗರು ವೃತ್ತಾಕಾರವಾಗಿ ನಿಂತಿದ್ದರು. ಮೂರನೆಯ ತರಗತಿಯ ಶಿಕ್ಷಕಿ ನಡುವೆ ಬಂದೊಡನೆ ಎಲ್ಲರೂ ತೋಳದ ಮರಿಗಳಂತೆ ಕುಕ್ಕುರುಗಾಲಲ್ಲಿ ಕುಳಿತು, ಕೈಗಳನ್ನು ನೆಲಕ್ಕೆ ಊರಿ, ನಮ್ಮ ಕೈಲಾದಷ್ಟು ಮಾಡುತ್ತೇವೆಂದು ‘ಅಕೇಲಾ’ಗೆ ಒಕ್ಕೊರಲಿನಿಂದ ಕೂಗಿ ಹೇಳಿದರು. ಇದೇ ‘ಗ್ರ್ಯಾಂಡ್ ಹೌಲ್’. ಅಕೇಲಾ ಎಂದರೆ ಆ ಶಿಕ್ಷಕಿಯೇ. ಕೈಲಾದಷ್ಟು ಮಾಡುವುದೇ ಕಬ್‌ನ ಧ್ಯೇಯವಾಕ್ಯ. ಎಲ್ಲರಿಗಿಂತ ಮುಂದಿರಬೇಕೆಂದು ಅದು ಹೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಈ ಆಟದ ಹುಟ್ಟು ಕುತೂಹಲಕರವಾದದ್ದು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸಿರಿವಂತರ ಮತ್ತು ಶ್ರಮಿಕರ ಮಕ್ಕಳನ್ನು ಒಟ್ಟಿಗೆ ಕರೆದೊಯ್ದು ಶಿಬಿರ ನಡೆಸಿದರು. ಸ್ಕೌಟ್ ಚಳವಳಿಗೆ ಅದೇ ನಾಂದಿ. ಅಣ್ಣಂದಿರು ಸ್ಕೌಟುಗಳಾದುದನ್ನು ಕಂಡ ತಮ್ಮಂದಿರು ಸುಮ್ಮನಿರುತ್ತಾರೆಯೆ? ಅವರಿಗಾಗಿ 1916ರಲ್ಲಿ ‘ತೋಳದ ಮರಿ’ಗಳ ವಿಭಾಗ ರೂಪುಗೊಂಡಿತು. ಅದಕ್ಕೆ ಬೇಕಾದ ಕಥೆಯ ಆವರಣವನ್ನು ಬೇಡನ್ ಪೊವೆಲ್ ಪಡೆದದ್ದು ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್‌ನ ‘ಜಂಗಲ್ ಬುಕ್’ನಿಂದ. ಮಧ್ಯಪ್ರದೇಶದ ಸಿವನಿ ಕಾಡಿನ ತೋಳಗಳ ಒಡೆಯನೇ ಅಕೇಲಾ. ನಮ್ಮ ಕಾಡಿನ ತೋಳ ಹೀಗೆ ವಿಲಾಯತಿಗೆ ಹೋಗಿ, ಸ್ಕಾರ್ಫ್ ಧರಿಸಿ ನಮ್ಮ ಶಾಲೆಗಳಿಗೆ ಮರಳಿತು.

ಮರಳಿದ ದಾರಿ ಸುಗಮವಾಗಿರಲಿಲ್ಲ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೇ ಆರಂಭವಾಯಿತು. ಆದರೆ ಆ ಮೊದಲ ವರ್ಷಗಳಲ್ಲಿ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಲ್ಲದೆ ಭಾರತೀಯ ಬಾಲಕರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಇದನ್ನು ಸಹಿಸದ ಆನಿ ಬೆಸೆಂಟರು ಅರುಂಡೇಲರ ನೆರವಿನಿಂದ 1916ರಲ್ಲಿ ಭಾರತೀಯ ಬಾಲಕರಿಗಾಗಿಯೇ ಮದರಾಸಿನಲ್ಲಿ ಪ್ರತ್ಯೇಕ ಸಂಸ್ಥೆಯನ್ನು ತೆರೆದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಸ್ಥೆಗಳು ಕೂಡಿ ಈಗಿನ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ಇನ್ನು ದಳದ ಕ್ರಮ. ಐದರಿಂದ ಹತ್ತು ವರ್ಷದವರೆಗಿನ ಹುಡುಗರು ಕಬ್‌ಗಳು. ಅದೇ ವಯಸ್ಸಿನ ಹುಡುಗಿಯರು ಬುಲ್‌ಬುಲ್‌ಗಳು. ಒಂದು ದಳದಲ್ಲಿ 24 ಮಂದಿಗಿಂತ ಹೆಚ್ಚು ಕೂಡದು. ಅವರನ್ನು ಆರಾರು ಮಂದಿಯ ಗುಂಪುಗಳಾಗಿ ವಿಂಗಡಿಸುತ್ತಾರೆ. ಪ್ರತಿ ಗುಂಪಿಗೂ ಒಬ್ಬ ಸಿಕ್ಸರ್. ಅವನ ಬಲಗೈಯಂತೆ ಒಬ್ಬ ಸೆಕೆಂಡ್. ಮೊದಲು ‘ಪ್ರವೇಶ’, ಅನಂತರ ಪ್ರಥಮದಿಂದ ಚತುರ್ಥದವರೆಗೆ ನಾಲ್ಕು ಚರಣಗಳೆಂಬ ಮೆಟ್ಟಿಲುಗಳಿವೆ. ಹತ್ತು ತುಂಬಿದವನು ಸ್ಕೌಟ್ ದಳಕ್ಕೆ ಹೋಗುತ್ತಾನೆ.

ನಾನು ಕಂಡ ಸಭೆಯಲ್ಲಿ ಧ್ವಜವಂದನೆಯ ಬಳಿಕ ಉಗುರು, ಕರವಸ್ತ್ರಗಳ ತಪಾಸಣೆಯಾಯಿತು. ಒಂದು ಓಟದಾಟ, ಒಂದು ಕಥೆ. ಆಮೇಲೆ ಹಗ್ಗದ ಗಂಟುಗಳ ಅಭ್ಯಾಸ. ಗಾಯಕ್ಕೆ ಕಟ್ಟಿದ ಬಟ್ಟೆಯನ್ನು ಬಿಗಿಯುವ ರೀಫ್ ಗಂಟು ನೋಡುವುದಕ್ಕೆ ಸುಲಭ. ಆದರೆ ಎರಡನೆಯ ಸುತ್ತಿನಲ್ಲಿ ಎಳೆ ಅದಲುಬದಲಾದರೆ ಜಾರಿಬಿಡುತ್ತದೆ. ಅಕೇಲಾ ಸಿಕ್ಸರುಗಳಿಗೆ ತೋರಿಸಿಕೊಟ್ಟರು. ಸಿಕ್ಸರುಗಳು ತಮ್ಮ ತಮ್ಮ ಗುಂಪಿಗೆ ಕಲಿಸಿದರು. ದಿನಕ್ಕೊಂದು ಉಪಕಾರ ಮಾಡುವುದೂ ಕಬ್‌ನ ಪ್ರತಿಜ್ಞೆಯಲ್ಲಿ ಸೇರಿದೆಯೆಂದು ಆ ದಿನವೇ ತಿಳಿಯಿತು. ನಮ್ಮವನು ಕೆಲವು ದಿನಗಳಿಂದ ಅಜ್ಜಿಯ ಕನ್ನಡಕವನ್ನು ತಾನಾಗಿ ಹುಡುಕಿಕೊಡುತ್ತಿದ್ದುದರ ಗುಟ್ಟು ರಟ್ಟಾಯಿತು.

ಇಷ್ಟಾದ ಮೇಲೂ ನಾನು ತಪ್ಪು ಮಾಡಿದೆ. ಅಂಗಿಗೆ ತಾನೇ ಗುಂಡಿ ಹೊಲಿದುಕೊಂಡು ಬರಬೇಕೆಂದು ಅಕೇಲಾ ಒಮ್ಮೆ ಹೇಳಿ ಕಳುಹಿಸಿದ್ದರು. ಶುಕ್ರವಾರ ರಾತ್ರಿ ಒಂಬತ್ತಾದರೂ ಹುಡುಗ ಸೂಜಿಗೆ ದಾರ ಪೋಣಿಸುತ್ತಲೇ ಇದ್ದ. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. “ಹೋಗಲಿ, ನೀನೇ ಹೊಲಿದುಬಿಡು” ಎಂದು ಮನೆಯಾಕೆಗೆ ಹೇಳಿದೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

ಮರುದಿನ ಅಕೇಲಾ ಗುಂಡಿಯನ್ನು ನೋಡಿ, “ಬಹಳ ಚೆನ್ನಾಗಿದೆ. ಯಾರು ಹೊಲಿದದ್ದು?” ಎಂದರು. ಹುಡುಗ ಒಂದು ಗಳಿಗೆ ನನ್ನತ್ತ ನೋಡಿದ. ನಾನು ಮರದ ಕೊಂಬೆಯನ್ನು ನೋಡುತ್ತಿದ್ದೆ. “ಅಮ್ಮ” ಎಂದ.

ಅವರು ಗದರಿಸಲಿಲ್ಲ. “ನಿಜ ಹೇಳಿದೆಯಲ್ಲ, ಅದು ದೊಡ್ಡದು. ಮುಂದಿನ ವಾರ ನೀನು ಹೊಲಿದದ್ದನ್ನು ನೋಡೋಣ” ಎಂದು ಅವನ ಬೆನ್ನು ತಟ್ಟಿದರು. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು, “ಸಾರ್, ಅವನ ಕೈಲಾಗುವುದು ಎಷ್ಟೆಂದು ತಿಳಿಯಬೇಕಾದರೆ, ಕೈಲಾಗದೆ ಹೋಗುವುದಕ್ಕೂ ನೀವು ಅವಕಾಶ ಕೊಡಬೇಕು” ಎಂದರು. ಪಾಠ ಹೇಳುವುದೇ ನನ್ನ ಕಸುಬು. ಆದರೂ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಹುಡುಗ ತಾಯಿ ಹೊಲಿದ ಗುಂಡಿಯನ್ನು ತಾನೇ ಬಿಚ್ಚಿದ. ನಾನು ಪುಸ್ತಕ ಹಿಡಿದು ಕುಳಿತೆ. ಒಂದು ಪುಟವೂ ಮುಂದೆ ಸಾಗಲಿಲ್ಲ. ಒಂದೂವರೆ ಗಂಟೆಯ ಮೇಲೆ ಗುಂಡಿ ಸೊಟ್ಟಗೆ, ಆದರೆ ಭದ್ರವಾಗಿ ನಿಂತಿತು.

ಕೆಲವೆಡೆ ಇಂಥ ದಳಗಳು ಆಗಸ್ಟ್ 15ರ ಮೆರವಣಿಗೆಗೆ ಮಾತ್ರ ಎಚ್ಚರಗೊಳ್ಳುವುದುಂಟು. ಪ್ರಮಾಣಪತ್ರದ ಆಸೆಗೆ ಮಕ್ಕಳನ್ನು ಸೇರಿಸುವ ತಂದೆತಾಯಿಗಳೂ ಉಂಟು. ಅಲ್ಲಿ ಸ್ಕಾರ್ಫ್ ಉಳಿಯುತ್ತದೆ, ಮರಿ ಬೆಳೆಯುವುದಿಲ್ಲ. ಅಕೇಲಾ ಆಗುವುದಕ್ಕೆ ಸಂಬಳವಿಲ್ಲ. ವಾರದ ಬಿಡುವನ್ನು ಮಕ್ಕಳಿಗೆ ಕೊಡುವ ಒಬ್ಬರಿದ್ದರೆ ದಳ ಉಂಟು, ಇಲ್ಲವಾದರೆ ಇಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ನಮ್ಮವನ ಗುಂಪಿಗೆ ಹೊಸದಾಗಿ ಸೇರಿದ, ಇನ್ನೂ ಆರು ತುಂಬದ ಪುಟ್ಟ ಬಾಲಕನೊಬ್ಬ ರೀಫ್ ಗಂಟು ಹಾಕುತ್ತಿದ್ದ. ಹಗ್ಗ ಮೂರು ಸಲ ಜಾರಿತು. ಕಣ್ಣಲ್ಲಿ ನೀರು ತುಂಬಿತು. ಹೋಗಿ ಕಟ್ಟಿಕೊಡೋಣವೆಂದು ನನ್ನ ಕಾಲು ತಾನಾಗಿ ಮುಂದಾಯಿತು. ಅಷ್ಟರಲ್ಲಿ ನಮ್ಮವನು ಕಣ್ಣಿಗೆ ಬಿದ್ದ. ಪುಟ್ಟನ ಪಕ್ಕದಲ್ಲಿ ಮಂಡಿಯೂರಿ, ತನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, “ಬಲದ್ದು ಎಡದ ಮೇಲೆ... ಇನ್ನೊಂದು ಸಲ ನೋಡು” ಎಂದು ಮೆಲ್ಲಗೆ ಹೇಳುತ್ತಿದ್ದ.

ನಾನು ಬೇವಿನ ಮರದ ಕೆಳಕ್ಕೇ ಹಿಂದಿರುಗಿದೆ. ನಾಲ್ಕನೆಯ ಸಲ ಗಂಟು ನಿಂತಿತು.